ಕೆಬಿ726ರಲ್ಲಿದ್ದ ಏಳು ಜನ

ಜೂನ್ 13, 2024, ಗುರುವಾರ
ಮಿಸ್ಸಿಸಾಗಾ, ಕೆನಡಾ

ಇವತ್ತಿಗೆ ಸರಿಯಾಗಿ 80 ವರ್ಷ. ಎರಡನೇ ಮಹಾಯುದ್ಧದ ಕಾಲ. 1944ರ ಜೂನ್ 12ರ ರಾತ್ರಿ ಇಂಗ್ಲೆಂಡಿನ ಮಿಡಲ್ಟನ್ ಸೇಂಟ್ ಜಾರ್ಜ್ ನೆಲೆಯಿಂದ ಕೆನಡಾ ವಾಯುಪಡೆಯ 419ನೇ ಸ್ಕ್ವಾಡ್ರನ್ನಿನ ಒಂದು ಲ್ಯಾಂಕಾಸ್ಟರ್ ಬಾಂಬರ್ ಹೊರಟಿತು. ಅದರ ನಂಬರ್ ಕೆಬಿ726. ಒಳಗೆ ಏಳು ಜನ. ಗುರಿ ಫ್ರಾನ್ಸಿನ ಕಾಂಬ್ರೆ ಊರಿನ ರೈಲ್ವೆ ಯಾರ್ಡ್. ನಾರ್ಮಂಡಿಯಲ್ಲಿ ಮಿತ್ರಪಡೆಗಳು ಇಳಿದು ಆಗಿನ್ನೂ ಆರು ದಿನ. ಜರ್ಮನ್ ಸೈನ್ಯ ರೈಲಿನಲ್ಲಿ ಅತ್ತ ಹೋಗದಂತೆ ತಡೆಯಬೇಕಿತ್ತು. ನಡುರಾತ್ರಿ ಕಳೆದು 13ನೇ ತಾರೀಖು ಶುರುವಾದ ಮೇಲೆ ಆ ವಿಮಾನ ಉರಿದು ಬಿತ್ತು.

ಆ ವಿಮಾನ ತಯಾರಾಗಿದ್ದು ನಮ್ಮ ಪಕ್ಕದ ಮಾಲ್ಟನ್‌ನಲ್ಲಿ. ಇಂಡಿಯಾದಿಂದ ಬಂದವರೆಲ್ಲ ಇಳಿಯುವ ಟೊರೊಂಟೊ ಪಿಯರ್ಸನ್ ಏರ್‌ಪೋರ್ಟ್ ಇದೆಯಲ್ಲ, ಅಲ್ಲೇ ಯುದ್ಧದ ಕಾಲದಲ್ಲಿ ವಿಕ್ಟರಿ ಏರ್‌ಕ್ರಾಫ್ಟ್ ಕಾರ್ಖಾನೆ ಇತ್ತು. 430 ಲ್ಯಾಂಕಾಸ್ಟರ್‌ಗಳು ಅಲ್ಲಿಂದ ಹೊರಬಂದವು. ಈಗ ಆ ಸುತ್ತಮುತ್ತ ನಮ್ಮ ಕಡೆಯವರ ಅಂಗಡಿ, ಮನೆಗಳೇ ಜಾಸ್ತಿ. ಇಲ್ಲಿ ವಾಸ ಮಾಡುವವರಿಗೆ ಈ ಕಥೆ ಗೊತ್ತಿರಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಗುರಿ ಇನ್ನೂ ಮುಂದಿತ್ತು. ಅಷ್ಟರಲ್ಲಿ ಜರ್ಮನ್ ಯುಂಕರ್ಸ್ 88 ವಿಮಾನವೊಂದು ಕತ್ತಲಲ್ಲಿ ಕೆಳಗಡೆಯಿಂದ ಬಂದು ಗುಂಡು ಹಾರಿಸಿತು. ಎಡಗಡೆಯ ಎರಡೂ ಎಂಜಿನ್ ಹೋದವು. ರೆಕ್ಕೆಗೆ ಬೆಂಕಿ, ಒಡಲಿನ ಹಿಂಭಾಗಕ್ಕೂ ಬೆಂಕಿ. ಪೈಲಟ್ ಆರ್ಟ್ ಡಿ ಬ್ರೇಯ್ನ್ ಎಲ್ಲರಿಗೂ ಹಾರಿಕೊಳ್ಳಲು ಸೂಚನೆ ಕೊಟ್ಟ.

ಬಾಲದ ತುದಿಯ ಗನ್ನರ್ ಪ್ಯಾಟ್ ಬ್ರೋಫಿ ಕೂರುತ್ತಿದ್ದದ್ದು ಒಬ್ಬನೇ ಹಿಡಿಸುವ ಇಕ್ಕಟ್ಟಿನ ಗೂಡಿನಲ್ಲಿ. ಉಳಿದವರ ಮುಖ ಕೂಡ ಅವನಿಗೆ ಕಾಣುವುದಿಲ್ಲ. ಪ್ಯಾರಾಚೂಟ್ ಹೇಗೋ ಕೈಗೆ ಸಿಕ್ಕಿತು, ಆದರೆ ವಿಮಾನದೊಳಗೆ ಹೋಗುವ ದಾರಿಗೆ ಬೆಂಕಿ ಹತ್ತಿತ್ತು. ಇನ್ನು ಗೂಡನ್ನು ಪಕ್ಕಕ್ಕೆ ತಿರುಗಿಸಿ, ಬೆನ್ನು ಕೊಟ್ಟು ಹೊರಗೆ ಬೀಳಬೇಕು. ಆದರೆ ಅದನ್ನು ತಿರುಗಿಸುವ ಹೈಡ್ರಾಲಿಕ್ ಶಕ್ತಿ ಬರುತ್ತಿದ್ದದ್ದೇ ಎಡಗಡೆಯ ಎಂಜಿನ್ನಿನಿಂದ. ಎಂಜಿನ್ ಸತ್ತಿತ್ತು, ಗೂಡು ಅರ್ಧಕ್ಕೇ ನಿಂತಿತು. ಕೈಯಿಂದ ತಿರುಗಿಸುವ ಹಿಡಿಯೊಂದಿತ್ತು. ಅದೂ ಮುರಿದು ಬಂತು.

ವಿಮಾನದ ಬೆನ್ನಿನ ಮೇಲಿನ ಗನ್ನರ್ ಆಂಡ್ರ್ಯೂ ಮೈನಾರ್ಸ್ಕಿ ಅಷ್ಟರಲ್ಲಿ ಹಿಂಬಾಗಿಲ ಬಳಿ ಬಂದಿದ್ದ. ವಿನ್ನಿಪೆಗ್ ಊರಿನವನು, ಪೋಲೆಂಡಿನಿಂದ ವಲಸೆ ಬಂದ ದಂಪತಿಯ ಮಗ, 27 ವರ್ಷ. ಇನ್ನೇನು ಹಾರಬೇಕು, ಬ್ರೋಫಿ ಸಿಕ್ಕಿಹಾಕಿಕೊಂಡದ್ದು ಕಣ್ಣಿಗೆ ಬಿತ್ತು. ಬಾಗಿಲು ಬಿಟ್ಟು ಬೆಂಕಿಯೊಳಗೆ ತೆವಳಿಕೊಂಡು ಹೋದ. ಉರಿಯುವ ಹೈಡ್ರಾಲಿಕ್ ಎಣ್ಣೆಯಿಂದ ಅವನ ಬಟ್ಟೆಗೆ, ಪ್ಯಾರಾಚೂಟಿಗೆ ಬೆಂಕಿ ಹತ್ತಿತು. ಕೊಡಲಿಯಿಂದ ಹೊಡೆದ. ಬರಿಗೈಯಿಂದ ಎಳೆದ. ಗೂಡು ಕದಲಲಿಲ್ಲ. ಬ್ರೋಫಿ ಒಳಗಿನಿಂದಲೇ ಹೋಗು, ಹೋಗು ಅಂತ ಕೈಬೀಸಿದ. ತಿರುಗಲು ಜಾಗ ಇರಲಿಲ್ಲ. ಮೈನಾರ್ಸ್ಕಿ ಅದೇ ಬೆಂಕಿಯಲ್ಲಿ ಹಿಂದಕ್ಕೆ ತೆವಳಿದ, ಮುಖ ಗೆಳೆಯನ ಕಡೆಗೇ ಇತ್ತು. ಬಾಗಿಲ ಬಳಿ ಎದ್ದು ನಿಂತು ಸೆಲ್ಯೂಟ್ ಹೊಡೆದ. ತುಟಿ ಅಲುಗಾಡಿದ್ದು ಬ್ರೋಫಿಗೆ ಕಂಡಿತು. 'ಗುಡ್ ನೈಟ್, ಸರ್.' ದಿನಾ ರಾತ್ರಿ ಮಲಗಲು ಹೋಗುವಾಗ ಗೆಳೆಯನಿಗೆ ಹೇಳುತ್ತಿದ್ದ ಮಾತು ಅದು. ಆಮೇಲೆ ಹಾರಿದ.

ಅವನ ಪ್ಯಾರಾಚೂಟ್ ಸುಟ್ಟುಹೋಗಿತ್ತು. ನೆಲಕ್ಕೆ ಬಿದ್ದಾಗ ಜೀವ ಇತ್ತು. ಊರಿನ ಜನರಿಗೆ ಸಿಕ್ಕಿದ, ಆದರೆ ಸುಟ್ಟ ಗಾಯಗಳಿಂದ ಬದುಕಲಿಲ್ಲ. ಇತ್ತ ವಿಮಾನ ಬಾಂಬುಗಳ ಸಮೇತ ಹೊಲಕ್ಕೆ ಅಪ್ಪಳಿಸಿತು. ಹೊಡೆತಕ್ಕೆ ಬಾಲದ ಗೂಡು ಕಿತ್ತುಕೊಂಡು ಬಂದು ಬ್ರೋಫಿ ಹೊರಗೆ ಎಸೆಯಲ್ಪಟ್ಟ. ದೊಡ್ಡ ಗಾಯ ಒಂದೂ ಇಲ್ಲ! ಏಳು ಜನರಲ್ಲಿ ಸತ್ತವನು ಮೈನಾರ್ಸ್ಕಿ ಒಬ್ಬನೇ. ಇದನ್ನು ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಬ್ರೋಫಿ ಉಳಿದದ್ದರಿಂದ ನಮಗೆ ಇದೆಲ್ಲ ಗೊತ್ತಾಯಿತು. ಬೇರೆ ಯಾರೂ ನೋಡಿರಲಿಲ್ಲ. ಅವನು ಹೇಳಿದ್ದರಿಂದ 1946ರ ಅಕ್ಟೋಬರಿನಲ್ಲಿ ಮೈನಾರ್ಸ್ಕಿಗೆ ವಿಕ್ಟೋರಿಯಾ ಕ್ರಾಸ್, ಅಂದರೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ, ಘೋಷಣೆಯಾಯಿತು. ಆ ಯುದ್ಧದಲ್ಲಿ ಇಂಥ ಬಾಂಬರ್‌ಗಳನ್ನೆಲ್ಲ ನಡೆಸುತ್ತಿದ್ದ ಬ್ರಿಟಿಷ್ ವಾಯುಪಡೆಯ ವಿಭಾಗ ಬಾಂಬರ್ ಕಮಾಂಡ್ ಕಳೆದುಕೊಂಡದ್ದು 55 ಸಾವಿರಕ್ಕೂ ಜಾಸ್ತಿ ಜನರನ್ನು. ಎಷ್ಟೋ ವಿಮಾನಗಳಿಂದ ಒಬ್ಬನೂ ವಾಪಸ್ ಬರಲಿಲ್ಲ. ಕೊನೆಯ ಎರಡು ನಿಮಿಷದಲ್ಲಿ ಯಾರು ಯಾರಿಗಾಗಿ ಹಿಂದೆ ತಿರುಗಿದರೋ, ಹೇಳುವವರೇ ಉಳಿಯಲಿಲ್ಲ.

ಫ್ರಾನ್ಸಿನ ಹಳ್ಳಿಯವರನ್ನೂ ನೆನೆಯಬೇಕು. ಇಂಥ ರೈಲ್ವೆ ದಾಳಿಗಳಲ್ಲಿ ಅವರ ಜನರೂ ಸತ್ತರು. ಆದರೂ ಈ ವಿಮಾನದ ನಾಲ್ವರು ಜರ್ಮನ್ನರ ಕೈಗೆ ಸಿಗದೆ ಉಳಿದದ್ದು ಅವರು ಬಚ್ಚಿಟ್ಟು ಕಾಪಾಡಿದ್ದರಿಂದ. ಸಿಕ್ಕಿಬಿದ್ದರೆ ಬಚ್ಚಿಟ್ಟವರಿಗೆ ಸಾವೇ ಗತಿ. ಮೈನಾರ್ಸ್ಕಿಯ ಸಮಾಧಿಯೂ ಅಲ್ಲೇ, ಮೆಹಾರಿಕೂರ್ ಎಂಬ ಹಳ್ಳಿಯಲ್ಲಿದೆ.

ನಮ್ಮ ಮನೆಯಿಂದ ಸುಮಾರು ಒಂದು ಗಂಟೆ ದಾರಿ, ಹ್ಯಾಮಿಲ್ಟನ್ ಏರ್‌ಪೋರ್ಟ್ ಬಳಿಯ ಯುದ್ಧವಿಮಾನಗಳ ಮ್ಯೂಸಿಯಂನಲ್ಲಿ ಇನ್ನೊಂದು ಲ್ಯಾಂಕಾಸ್ಟರ್ ಇದೆ. ಅದೂ ಮಾಲ್ಟನ್‌ನದೇ. ಮೈನಾರ್ಸ್ಕಿಯ ನೆನಪಿಗೆ ಕೆಬಿ726ರ ಗುರುತುಗಳನ್ನೇ ಬರೆದಿದ್ದಾರೆ. ಇಡೀ ಜಗತ್ತಿನಲ್ಲಿ ಈಗಲೂ ಹಾರುವ ಲ್ಯಾಂಕಾಸ್ಟರ್‌ಗಳು ಎರಡೇ, ಅದರಲ್ಲಿ ಇದೊಂದು. ನೋಡಲು ಬಂದವರು ಸಹಜವಾಗಿ ಬಾಲದ ಕಡೆ ಹೋಗಿ ನಿಲ್ಲುತ್ತಾರೆ. ಮೂತಿಯ ಕಡೆಗೂ ಹೋಗಿ ನೋಡಬೇಕು ಅಂತ ನನ್ನ ಆಸೆ.

ಯಾಕೆಂದರೆ ಆ ರಾತ್ರಿ ಮೂತಿಯಲ್ಲೂ ಇಂಥದ್ದೇ ಒಂದು ನಡೆಯಿತು. ಬಾಂಬ್ ಬಿಡುವ ಕೆಲಸದ ಜ್ಯಾಕ್ ಫ್ರೈಡೇ ನೆಲದ ಬಾಗಿಲು ತೆಗೆಯುತ್ತಿದ್ದಂತೆ ಗಾಳಿಯ ರಭಸಕ್ಕೆ ಅದು ಅವನ ತಲೆಗೇ ಬಡಿಯಿತು. ಪ್ರಜ್ಞೆ ತಪ್ಪಿ ಬಿದ್ದ. ಫ್ಲೈಟ್ ಎಂಜಿನಿಯರ್ ರಾಯ್ ವಿಗರ್ಸ್ ಅವನನ್ನು ಬಿಟ್ಟು ಹಾರಬಹುದಿತ್ತು. ಬಿಡಲಿಲ್ಲ. ಉರಿಯುತ್ತಾ ಕೆಳಗಿಳಿಯುತ್ತಿದ್ದ ವಿಮಾನದಲ್ಲಿ ಕೂತು ಫ್ರೈಡೇಯ ಎದೆಗೆ ಪ್ಯಾರಾಚೂಟ್ ಸಿಕ್ಕಿಸಿದ, ಹಗ್ಗ ಎಳೆದು ಬಾಗಿಲಿನಿಂದ ಹೊರಕ್ಕೆ ತಳ್ಳಿದ, ಆಮೇಲೆ ತಾನು ಹಾರಿದ. ಇಬ್ಬರೂ ಜರ್ಮನ್ನರಿಗೆ ಸೆರೆ ಸಿಕ್ಕಿದರು, ಇಬ್ಬರೂ ಬದುಕಿದರು. ತನ್ನನ್ನು ಯಾರೋ ಹೊರಗೆ ತಳ್ಳಿದ್ದು ಕೂಡ ಫ್ರೈಡೇಗೆ ಆಗ ಗೊತ್ತಿರಲಿಲ್ಲ.