ಪೂಲಿನ ಪಿಎಚ್ ಪ್ರೋಬು, ಮತ್ತೆ ಅಲ್ಲಾಡದೇ ಕೂತಿದ್ದ 7.0

ಆಲ್ದೂರು ಹತ್ರ ನಮ್ಮ ಭಾವಂದು ಒಂದು ಹೋಂಸ್ಟೇ ಇದೆ, ಕಾಫಿ ತೋಟದ ಮಧ್ಯೆ, ಅದಕ್ಕೊಂದು ಸಣ್ಣ ಸ್ವಿಮ್ಮಿಂಗ್ ಪೂಲು, ಸುಮಾರು 40 ಸಾವಿರ ಲೀಟರ್ ಹಿಡಿಯುತ್ತೆ. ಭಾವನ ತಲೇಲಿ ತೋಟ, ಆಳು, ಕಾಫಿ ರೇಟು ಇಷ್ಟೇ ಓಡ್ತಿರೋದು, ಹಂಗಾಗಿ ಪೂಲು ಮಾತ್ರ ನನ್ನ ತಲೆಗೆ ಕಟ್ಟಿದಾರೆ, "ನೀನು ಬಿಎಸ್ಸಿ ಮಾಡಿದೀಯಲ್ಲ, ಆ ಕೆಮಿಕಲ್ ಎಲ್ಲ ನೀನೇ ನೋಡ್ಕೋ ಮಾರಾಯ" ಅಂತ. ನಾನು ಓದಿದ್ದು ಬಾಟನಿ ಅಂದ್ರೆ ಕೇಳೋರ್ಯಾರು.

ಪಂಪ್ ರೂಮಲ್ಲಿ ಒಂದು ಕಂಟ್ರೋಲರ್ ಡಬ್ಬ ಇದೆ. ಪೈಪಿಂದ ಬರೋ ನೀರಲ್ಲಿ ಪ್ರೋಬು, ಅಂದ್ರೆ ಪಿಎಚ್ ಅಳೆಯೋ ಕಡ್ಡಿ, ಮುಳುಗಿರುತ್ತೆ (ಪಿಎಚ್ ಅಂದ್ರೆ ನೀರು ಆಸಿಡ್ ಕಡೆಗಿದೆಯಾ ಕ್ಷಾರದ ಕಡೆಗಿದೆಯಾ ಅನ್ನೋ ಅಳತೆ, 7 ಅಂದ್ರೆ ನಡುಮಧ್ಯ, ಕೆಳಗೆ ಆಸಿಡ್, ಮೇಲೆ ಕ್ಷಾರ), ಪಿಎಚ್ 7.4 ದಾಟಿದ್ರೆ ಪುಟ್ಟ ಪಂಪು ಒಂದಷ್ಟು ಆಸಿಡ್ ಬಿಡುತ್ತೆ. ನಾವು ಹಾಕೋದು ಲಿಕ್ವಿಡ್ ಕ್ಲೋರಿನ್, ಅದು ಪಿಎಚ್‌ನ ಮೇಲಕ್ಕೆ ಎಳೀತಾನೇ ಇರುತ್ತೆ, ಅದಕ್ಕೇ ಈ ಆಸಿಡ್ ಏರ್ಪಾಡು. ಪುಷ್ಯ ಮಳೆ ಜಡಿದು ಹೊಡೀತಿದ್ದಾಗ ನೋಡಿ, ಡಬ್ಬದಲ್ಲಿ ಬೆಳಿಗ್ಗೆ 7.0, ಸಂಜೆ 7.0, ಮಾರನೇ ದಿನಾನೂ 7.0. ನಾನು ಖುಷಿಯಾಗಿದ್ದೆ. ಆಸಿಡ್ ಕ್ಯಾನು ಖಾಲಿನೇ ಆಗ್ತಿಲ್ಲ, ದುಡ್ಡು ಉಳೀತು ಅಂತ ಭಾವಾನೂ ಖುಷಿ.

ಆಮೇಲೆ ವೀಕೆಂಡಿಗೆ ಬೆಂಗಳೂರಿಂದ ಬಂದ ಗೆಸ್ಟುಗಳು ಕಣ್ಣುರಿ ಅಂದ್ರು, ನೀರು ಅಕ್ಕಿ ತೊಳೆದ ನೀರಿನ ಥರ ಮಬ್ಬಾಯ್ತು. ಟೆಕ್ನಿಷಿಯನ್ನ ಕರೆಸಿದ್ವಿ. ಆ ಪುಣ್ಯಾತ್ಮ ಬಂದು ಪ್ರೋಬ್ ಬಿಚ್ಚಿ 7ರ ಬಫರಲ್ಲಿ (ಪಿಎಚ್ ಇಷ್ಟೇ ಅಂತ ಮೊದಲೇ ಗೊತ್ತಿರೋ ದ್ರಾವಣ) ಅದ್ದಿ, "ನೋಡಿ ಸಾರ್ 7 ತೋರಿಸ್ತಿದೆ, ಕ್ಯಾಲಿಬ್ರೇಷನ್ ಓಕೆ" ಅಂತ ಹೇಳಿ, ಕಾಫಿ ಕುಡ್ದು, ಸಾವಿರದ ಚಿಲ್ಲರೆ ಇಸ್ಕೊಂಡು ಹೋದ.

ನಂಗ್ಯಾಕೋ ಸಮಾಧಾನ ಆಗ್ಲಿಲ್ಲ. ಮೂಲೇಲಿ ಬಿದ್ದಿದ್ದ ಹಳೇ ಡ್ರಾಪ್ ಕಿಟ್ ತೆಗ್ದೆ, ಪಿಎಚ್‌ಗೆ ತಕ್ಕಂಗೆ ಬಣ್ಣ ಬದಲಾಯಿಸೋ ಫಿನಾಲ್ ರೆಡ್ ಹನಿ ಹಾಕೋದಿರುತ್ತಲ್ಲ ಅದು. ನೀರು ಸರಿ ಇದ್ರೆ ಕಿತ್ತಳೆ ಕಡೆಗಿರೋ ತಿಳಿಗೆಂಪು ಬರ್ಬೇಕು, ಬಂದಿದ್ದು ಬೀಟ್ರೂಟ್ ಪಲ್ಯದ ಬಣ್ಣ! ಅಂದ್ರೆ 8ರ ಮೇಲೆ. ಪಿಎಚ್ 8 ಆದ್ರೆ ಹಾಕಿದ ಕ್ಲೋರಿನ್ನಲ್ಲಿ ಹೆಚ್ಚು ಕಮ್ಮಿ ಕಾಲು ಭಾಗ ಮಾತ್ರ ಗಟ್ಟಿಯಾಗಿ ಕೆಲಸ ಮಾಡೋದು, 7.5ರಲ್ಲಾದ್ರೆ ಅರ್ಧ. ನೀರು ಮಬ್ಬಾಗದೇ ಇನ್ನೇನಾಗುತ್ತೆ.

ಹಂಗಾದ್ರೆ ಪ್ರೋಬು 7 ಅಂತ ಯಾಕೆ ಹೇಳ್ತಿತ್ತು? ಪ್ರೋಬಿನ ತುದೀಲಿರೋ ಗಾಜಿನ ಬುಡ್ಡೆ ಒಂಥರಾ ಸಣ್ಣ ಬ್ಯಾಟ್ರಿ. ಪಿಎಚ್ 7ರಲ್ಲಿ ಅದು ಕೊಡೋದು ಸೊನ್ನೆ ಮಿಲಿವೋಲ್ಟ್, ಆಸಿಡ್ ಕಡೆ ಹೋದ್ರೆ ಪ್ಲಸ್ಸು, ಕ್ಷಾರದ ಕಡೆ ಹೋದ್ರೆ ಮೈನಸ್ಸು, 25 ಡಿಗ್ರೀಲಿ ಒಂದೊಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್. ಈಗ ಪ್ರೋಬು ಸತ್ತೋಗಿದೆ, ಇಲ್ಲಾ ವೈರು ಶಾರ್ಟ್ ಆಗಿದೆ ಅಂದ್ಕೊಳ್ಳಿ, ಡಬ್ಬಕ್ಕೆ ಬರೋದು ಸೊನ್ನೆ, ಡಬ್ಬ ಓದೋದು 7. ಸತ್ತ ಪ್ರೋಬನ್ನ 7ರ ಬಫರಲ್ಲಿ ಅದ್ದಿದ್ರೆ 7 ಬರದೇ ಇನ್ನೆಷ್ಟು ಬರುತ್ತೆ ಸ್ವಾಮೀ! ಟೆಕ್ನಿಷಿಯನ್ ಮಾಡಿದ್ದು ಇದೇ ಪರೀಕ್ಷೆ.

ಚಿಕ್ಕಮಗಳೂರಿಗೆ ಹೋಗಿದ್ದಾಗ ಬ್ಯಾಟ್ರಿ ಅಂಗಡೀಲಿ ಡಿಸ್ಟಿಲ್ಡ್ ವಾಟರ್ ತಂದೆ, ಹಿಂದೆ ಆನ್‌ಲೈನಲ್ಲಿ ತರಿಸಿದ್ದ ಪೆನ್ ಮೀಟರ್ ಜೊತೆ ಬಂದಿದ್ದ ಬಫರ್ ಪುಡಿ ಪ್ಯಾಕೆಟ್ ಇತ್ತು, 6.86 ಮತ್ತೆ 4.01, ಒಂದೊಂದನ್ನ 250 ಎಂಎಲ್‌ಗೆ ಕಲಸಿಟ್ಟೆ. ಮೊದಲು ಆಸಿಡ್ ಪಂಪ್ ಆಫ್ ಮಾಡ್ಬೇಕು, ಇದು ಮರೀಬೇಡಿ. ಇಲ್ಲಾಂದ್ರೆ ಪ್ರೋಬು ಯಾವ್ದೋ ಲೋಟದಲ್ಲಿರುತ್ತೆ, ಅಲ್ಲಿ ನಂಬರ್ 7.4 ದಾಟಿದ್ರೆ ಪಂಪು ಪಾಪ ಅದನ್ನೇ ಪೂಲು ಅಂದ್ಕೊಂಡು ಆಸಿಡ್ ಸುರೀತಾ ಕೂತಿರುತ್ತೆ. 6.86ರಲ್ಲಿ ಅದ್ದಿದೆ, 7.0. ತೊಳೆದು 4ರಲ್ಲಿ ಅದ್ದಿದೆ, ಅಲ್ಲೂ 7.0! ಕಳ್ಳ ಸಿಕ್ಕಿಬಿದ್ದ.

ಆದ್ರೆ ತಪ್ಪು ಪ್ರೋಬಿಂದಲ್ಲ. ಗಾಜಿನ ರೆಸಿಸ್ಟೆನ್ಸು ನೂರಾರು ಮೆಗಾಓಮ್, ಬರೋ ಸಿಗ್ನಲ್ಲು ಅಷ್ಟು ಬಡಕಲು, ಹಂಗಾಗಿ ಕನೆಕ್ಟರಲ್ಲಿ ಚೂರು ತೇವ ಇದ್ರೂ ಎಲ್ಲಾ ಅಲ್ಲೇ ಸೋರಿಹೋಗುತ್ತೆ. ನಮ್ಮ ಪಂಪ್ ರೂಮಲ್ಲಿ ಜುಲೈ ತಿಂಗಳು ಗೋಡೇನೇ ಬೆವರ್ತಿರುತ್ತೆ, ಕನೆಕ್ಟರ್ ಬಿಚ್ಚಿದ್ರೆ ಒಳಗೆ ಹಸಿರು ಪಾಚಿ ಥರ ತುಕ್ಕು. ಸ್ಪಿರಿಟ್ಟಲ್ಲಿ ಒರೆಸಿ, ಅಕ್ಕನ ಹೇರ್ ಡ್ರೈಯರ್ ಕದ್ದು ತಂದು ಹತ್ತು ನಿಮಿಷ ಬಿಸಿಗಾಳಿ ಕೊಟ್ಟೆ. ತಿರ್ಗಾ 4ರ ಬಫರು: 5.8, 4.9, ನಿಧಾನಕ್ಕೆ ಇಳ್ದು 4.4ಕ್ಕೆ ನಿಂತ್ಕೊಳ್ತು. ಆಗ ನಂಗಾದ ಸಂತೋಷ ಭಾವನಿಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡಿ.

ಆಮೇಲೆ ಸರಿಯಾಗಿ ಎರಡು ಪಾಯಿಂಟ್ ಕ್ಯಾಲಿಬ್ರೇಷನ್ ಮಾಡ್ದೆ, ಅಂದ್ರೆ ಎರಡೂ ಬಫರಲ್ಲಿ ಅದ್ದಿ ಡಬ್ಬದ ನಂಬರನ್ನ ಅದಕ್ಕೆ ಹೊಂದಿಸೋದು. ಗಾಜನ್ನ ಬಟ್ಟೇಲಿ ಉಜ್ಜಬಾರ್ದು, ಟಿಶ್ಯೂ ಮುಟ್ಟಿಸಿ ನೀರು ಹೀರಿಸಿದ್ರೆ ಸಾಕು, ಪ್ರತಿ ಬಫರಲ್ಲೂ ನಂಬರ್ ನಿಲ್ಲೋವರೆಗೂ ಕಾಯ್ಬೇಕು, ಬಳಸಿದ ಬಫರನ್ನ ಬಾಟ್ಲಿಗೆ ವಾಪಸ್ ಸುರೀಬಾರ್ದು (ನಮ್ಮನೇಲಿ ಯಾವ್ದನ್ನೂ ಚೆಲ್ಲೋಕೆ ಮನಸ್ಸು ಬರಲ್ಲ, ಅದಕ್ಕೇ ಹೇಳ್ದೆ). ಪೂಲಿನ ಪಿಎಚ್ 7ರಿಂದ ಮೇಲೇನೇ ಇರೋದಲ್ವಾ, 4ರ ಬದ್ಲು 10ರ ಬಫರ್ ಬಳಸ್ಬೇಕು ಅಂತ ಕೆಲವರು ಹೇಳ್ತಾರೆ, ಲೆಕ್ಕದಲ್ಲಿ ಅದು ಸರಿನೇ, ಆದ್ರೆ 10ರದ್ದು ಗಾಳಿಲಿರೋ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ಬೇಗ ಕೆಡುತ್ತೆ, ತಿಂಗಳುಗಟ್ಟಲೆ ಬಾಟ್ಲಿ ತೆರೆದಿಡೋ ನನ್ನಂಥೋರಿಗೆ 4ರದ್ದೇ ವಾಸಿ.

ಪಿಎಚ್ ಅನ್ನೋ ಲೆಕ್ಕ ಹುಟ್ಟಿದ್ದೇ ಒಂದು ಬಿಯರ್ ಕಂಪನಿ ಲ್ಯಾಬಲ್ಲಂತೆ, 1909ರಲ್ಲಿ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗಲ್ಲಿ, ಸೋರೆನ್ಸನ್ ಅನ್ನೋರು. ನಮ್ಮ ವೀಕೆಂಡ್ ಗೆಸ್ಟುಗಳಿಗೆ ಇದನ್ನ ಹೇಳಿದ್ರೆ ಪೂಲಿಗೆ ಕೈ ಮುಗೀತಾರೆ.

ಪ್ರೋಬ್ ವಾಪಸ್ ಹಾಕಿದ್ಮೇಲೆ ಪೂಲು 8.1 ತೋರಿಸ್ತು, ಡ್ರಾಪ್ ಕಿಟ್ಟಿಗೂ ಹೊಂದಿಕೆ ಆಯ್ತು. ಬಕೆಟ್ ನೀರಿಗೆ ಸ್ವಲ್ಪ ಸ್ವಲ್ಪ ಆಸಿಡ್ ಬೆರೆಸಿ ಎರಡು ದಿನದಲ್ಲಿ 7.4ಕ್ಕೆ ಇಳಿಸಿದೆ. ಕನೆಕ್ಟರಿಗೆ ಈಗ ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ಹೊಸ ಶೂ ಬಾಕ್ಸಲ್ಲಿ ಸಿಕ್ಕಿದ ಸಿಲಿಕಾ ಜೆಲ್ ಪ್ಯಾಕೆಟ್ಟು. ಸ್ಲೋಪ್ (ಒಂದು ಪಿಎಚ್‌ಗೆ ಬರಬೇಕಾದ 59 ಮಿಲಿವೋಲ್ಟಲ್ಲಿ ಎಷ್ಟು ಪಾಲು ಬರ್ತಿದೆ ಅನ್ನೋದು) 88 ಪರ್ಸೆಂಟ್ ತೋರಿಸ್ತಿದೆ, ಅಂದ್ರೆ ಪ್ರೋಬಿಗೂ ವಯಸ್ಸಾಯ್ತು, ಹೊಸದು ಆರ್ಡರ್ ಮಾಡಿದೀನಿ. ಬಿಲ್ಲು ಇನ್ನೂ ಭಾವನಿಗೆ ತೋರಿಸಿಲ್ಲ.