ಸೋಟೊ ಒಪ್ಪಂದ ದುಬಾರಿಯೇ? ಆಫ್‌ಸೀಸನ್ ಲೆಕ್ಕದ ಶೀಟ್ ಎಲ್ಲಿಗೆ ಬಂತು

ಆಟಗಾರನಿಗೆ ಕೊಡುವ ಹಣ ಅವನು ತರುವ ಗೆಲುವಿಗೆ ತಕ್ಕದ್ದೇ ಎಂದು ಅಳೆಯಲು, 2024–25ರ ಚಳಿಗಾಲದ ಎಂಎಲ್‌ಬಿ (ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್) ಒಪ್ಪಂದಗಳನ್ನು ಪರೀಕ್ಷೆಗೆ ಇಟ್ಟುಕೊಂಡು ಕಟ್ಟುತ್ತಿರುವ ಸ್ಪ್ರೆಡ್‌ಶೀಟ್‌ನ ಸದ್ಯದ ಸ್ಥಿತಿ ಇದು. ಆ ಚಳಿಗಾಲವನ್ನೇ ಆರಿಸಲು ಕಾರಣವಿದೆ. ಒಂದೇ ಆಫ್‌ಸೀಸನ್‌ನಲ್ಲಿ ಎಲ್ಲ ಬಗೆಯ ಒಪ್ಪಂದವೂ ಸಿಗುತ್ತದೆ: ಮೆಟ್ಸ್ ತಂಡ ಹ್ವಾನ್ ಸೋಟೊಗೆ ಕೊಟ್ಟ 15 ವರ್ಷ, 765 ಮಿಲಿಯನ್ ಡಾಲರ್; ಜೈಂಟ್ಸ್ ವಿಲಿ ಅಡಾಮೆಸ್‌ಗೆ ಕೊಟ್ಟ 7 ವರ್ಷ, 182 ಮಿಲಿಯನ್; ಎರಡು ವರ್ಷದ ನಂತರ ಹೊರಬರುವ ಹಕ್ಕಿನೊಂದಿಗೆ ಕಾರ್ಬಿನ್ ಬರ್ನ್ಸ್‌ಗೆ ಡೈಮಂಡ್‌ಬ್ಯಾಕ್ಸ್ ಕೊಟ್ಟ 6 ವರ್ಷ, 210 ಮಿಲಿಯನ್; ಜೊತೆಗೆ ಕೈಲ್ ಟಕ್ಕರ್ ಟ್ರೇಡ್ (ತಂಡಗಳ ನಡುವಿನ ಆಟಗಾರರ ಅದಲುಬದಲು). 2025ರ ಸೀಸನ್ ಮುಗಿದಿರುವುದರಿಂದ ಅಂದಾಜನ್ನು ನಿಜದ ಜೊತೆ ಇಟ್ಟು ನೋಡಲೂ ಬರುತ್ತದೆ.

ಶೀಟ್‌ನಲ್ಲಿ ಐದು ಟ್ಯಾಬ್ ಇವೆ: ಆಟಗಾರ, ಅಂದಾಜು, ಒಪ್ಪಂದ, ತಂಡ, ಟ್ರೇಡ್. ಮೊದಲ ಮೂರು ಚೆನ್ನಾಗಿ ಓಡುತ್ತಿವೆ. ಟ್ರೇಡ್ ಇನ್ನೂ ಅರ್ಧಕ್ಕೆ ನಿಂತಿದೆ. ತಂಡದ ಟ್ಯಾಬ್ ಬಂದ ಮೇಲೆ ‘ಈ ಆಟಗಾರನ ಬೆಲೆ ಇಷ್ಟು’ ಎಂಬ ಕಾಲಂ ಅನ್ನೇ ತೆಗೆದುಹಾಕಬೇಕಾಯಿತು. ಕಾರಣ ಮುಂದೆ ಬರುತ್ತದೆ.

ಆಟಗಾರ ಟ್ಯಾಬ್: ಬಿಂದುವಿನ ಕಾಟ

ಇಲ್ಲಿ ಸಮಯ ತಿನ್ನುವುದು ಸೂತ್ರವಲ್ಲ, ದತ್ತಾಂಶ ಬರೆದಿಡುವ ರೀತಿ. ಸರ್ವಿಸ್ ಟೈಮ್ (ಮೇಜರ್ ಲೀಗ್‌ನಲ್ಲಿ ಕಳೆದ ಕಾಲ) 3.110 ಎಂದಿದ್ದರೆ ಅದು ದಶಮಾಂಶವಲ್ಲ, 3 ವರ್ಷ 110 ದಿನ. 172 ದಿನಕ್ಕೆ ಒಂದು ಸರ್ವಿಸ್ ವರ್ಷ, ಹಾಗಾಗಿ ನಿಜವಾದ ಸಂಖ್ಯೆ 3.64 ವರ್ಷ. ಶೀಟ್ ಅದನ್ನು ಸಂಖ್ಯೆ ಎಂದು ಓದಿ ಕೊನೆಯ ಸೊನ್ನೆ ನುಂಗಿ 3.11 ಮಾಡುತ್ತದೆ. ಆಮೇಲೆ ಅದು 11 ದಿನವೋ 110 ದಿನವೋ ಗೊತ್ತಾಗುವುದಿಲ್ಲ. ಕಾಲಂ ಅನ್ನು ಪಠ್ಯ ಎಂದು ಗುರುತಿಸಿದ ಮೇಲೆಯೇ ಅಂಕಿ ಅಂಟಿಸಬೇಕು. ಅಂಟಿಸಿ ಆಮೇಲೆ ಬದಲಿಸಿದರೆ ಹೋದ ಸೊನ್ನೆ ವಾಪಸ್ ಬರುವುದಿಲ್ಲ. ವರ್ಷವನ್ನು ಎಡದ ಮೊದಲ ಅಕ್ಷರದಿಂದ ಎತ್ತುವ ಸೂತ್ರ 10 ವರ್ಷ ದಾಟಿದ ಹಿರಿಯರಲ್ಲಿ ಮುರಿಯುತ್ತದೆ. ಬಿಂದು ಎಲ್ಲಿದೆ ಎಂದು ಹುಡುಕಿ ಕತ್ತರಿಸುವುದೇ ಸರಿ.

ಪಿಚರ್‌ಗಳ (ಚೆಂಡೆಸೆಯುವವರ) ಇನ್ನಿಂಗ್ಸ್‌ನಲ್ಲೂ ಇದೇ ಗೋಳು. 60.2 ಅಂದರೆ 60 ಇನ್ನಿಂಗ್ಸ್ ಮತ್ತು ಇನ್ನೆರಡು ಔಟ್; ಮೂರು ಔಟ್‌ಗೆ ಒಂದು ಇನ್ನಿಂಗ್ಸ್, ಅಂದರೆ 60.67. ಒಬ್ಬ ರಿಲೀವರ್‌ಗೆ (ಪಂದ್ಯದ ನಡುವೆ ಬರುವ ಬದಲಿ ಪಿಚರ್) ಇದರಿಂದ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಆದರೆ ಬುಲ್‌ಪೆನ್‌ನ, ಅಂದರೆ ರಿಲೀವರ್‌ಗಳ ಗುಂಪಿನ, ಹತ್ತು ಜನರನ್ನು ಕೂಡಿದಾಗ ಹತ್ತು ‘.2’ಗಳು 6.67 ಇನ್ನಿಂಗ್ಸ್ ಆಗುವ ಬದಲು 2 ಆಗಿ ಕೂರುತ್ತವೆ.

ಹೆಸರಿನ ಮೇಲೆ ಹುಡುಕುವ ಸೂತ್ರ ಬೇಡವೇ ಬೇಡ. ಡಾಡ್ಜರ್ಸ್‌ನಲ್ಲಿ ಒಬ್ಬ ಮ್ಯಾಕ್ಸ್ ಮಂಸಿ, ಅಥ್ಲೆಟಿಕ್ಸ್‌ನಲ್ಲಿ ಇನ್ನೊಬ್ಬ ಮ್ಯಾಕ್ಸ್ ಮಂಸಿ. ಇಬ್ಬರೂ ಹುಟ್ಟಿದ್ದು ಆಗಸ್ಟ್ 25ರಂದು, ಇಸವಿ ಮಾತ್ರ ಬೇರೆ. ಇಬ್ಬರನ್ನೂ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಪ್ರಕ್ರಿಯೆ) ಆರಿಸಿದ್ದು ಅಥ್ಲೆಟಿಕ್ಸ್ ತಂಡವೇ. ಇಂಥದ್ದನ್ನು ಬೇಕೆಂದರೂ ಕಲ್ಪಿಸಲಾಗದು. ಪ್ರತಿಯೊಬ್ಬರಿಗೂ ಐಡಿ ಸಂಖ್ಯೆ ಕೊಟ್ಟು ಅದರ ಮೇಲೆಯೇ ಜೋಡಿಸಿ. ವಯಸ್ಸನ್ನು ಜೂನ್ 30ಕ್ಕೆ ಲೆಕ್ಕ ಹಾಕಿ, ಬೇಸ್‌ಬಾಲ್‌ನ ರೂಢಿ ಅದು.

ಅಂದಾಜು ಟ್ಯಾಬ್

ಮುಂದಿನ ವರ್ಷದ ಬ್ಯಾಟಿಂಗ್ ಊಹಿಸಲು ಟಾಮ್ ಟ್ಯಾಂಗೊ ಅವರ ಮಾರ್ಸೆಲ್ ವಿಧಾನ ಸಾಕು. ಕಳೆದ ಮೂರು ವರ್ಷಕ್ಕೆ 5, 4, 3 ತೂಕ ಕೊಟ್ಟು, ಅದರ ಮೇಲೆ ಲೀಗ್ ಸರಾಸರಿಯ 1200 ಬ್ಯಾಟಿಂಗ್ ಸರದಿ ಸುರಿಯುವುದು. ಕ್ರಮವಾಗಿ 650, 600, 500 ಸರದಿ ಆಡಿದವನಿಗೆ ತೂಕದ ಮೊತ್ತ 7150. ಲೀಗ್ ಸರಾಸರಿಯ ಪಾಲು ಶೇ 14 ಮಾತ್ರ. ಒಂದೇ ವರ್ಷ 250 ಸರದಿ ಆಡಿ ಮಿಂಚಿದ ಹುಡುಗನಿಗೆ 1250ರ ಎದುರು 1200, ಅಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಸೆಪ್ಟೆಂಬರ್‌ನಲ್ಲಿ ಬಂದು ಚೆಂಡು ಸೀಳಿದವರ ಬಗ್ಗೆ ನಡೆಯುವ ಅರ್ಧ ಜಗಳ ಇಲ್ಲೇ ತೀರಬೇಕು. ಮುಂದಿನ ವರ್ಷದ ಸರದಿಗೆ ಕಳೆದ ವರ್ಷದ್ದರ ಅರ್ಧ, ಅದರ ಹಿಂದಿನದರ ಹತ್ತನೇ ಒಂದು, ಮೇಲೆ 200 ಕೂಡಿ.

ಅಲ್ಲಿಂದ ವಾರ್‌ಗೆ ಬರುವ ದಾರಿ ಹೀಗೆ. ಕನಿಷ್ಠ ಸಂಬಳಕ್ಕೆ ಮೈನರ್ ಲೀಗ್‌ನಿಂದ ಕರೆತರಬಹುದಾದ ಆಟಗಾರನಿಗಿಂತ ಇವನು ಎಷ್ಟು ಗೆಲುವು ಹೆಚ್ಚು ತಂದಾನು ಎಂಬುದೇ ವಾರ್. ಲೀಗ್‌ನ ವೋಬಾ (ಬ್ಯಾಟರ್ ಪ್ರತಿ ಸರದಿಗೆ ತರುವ ಫಲದ ತೂಕದ ಸರಾಸರಿ) .310 ಇದ್ದು ಆಟಗಾರನದು .350 ಇದ್ದರೆ, ವ್ಯತ್ಯಾಸ .040 ಅನ್ನು ಸುಮಾರು 1.2ರಿಂದ ಭಾಗಿಸಿ 600 ಸರದಿಗೆ ಗುಣಿಸಿ: 20 ರನ್. ಬದಲಿ ಆಟಗಾರನ ಮಟ್ಟಕ್ಕೆ ಇನ್ನು 20 ರನ್. ಸ್ಥಾನಕ್ಕೆ ಪೂರ್ತಿ 162 ಪಂದ್ಯದ ಲೆಕ್ಕದಲ್ಲಿ ಶಾರ್ಟ್‌ಸ್ಟಾಪ್‌ಗೆ (ಕಷ್ಟದ ಫೀಲ್ಡಿಂಗ್ ಸ್ಥಾನ) 7.5 ಕೂಡಬೇಕು, ಡಿಎಚ್‌ಗೆ (ಫೀಲ್ಡಿಂಗ್ ಇಲ್ಲದೆ ಬ್ಯಾಟ್ ಮಾತ್ರ ಮಾಡುವವನು) 17.5 ಕಳೆಯಬೇಕು. 140 ಪಂದ್ಯಕ್ಕೆ ಇಳಿಸಿದರೆ ಶಾರ್ಟ್‌ಸ್ಟಾಪ್‌ಗೆ ಒಟ್ಟು 46.5 ರನ್, ಡಿಎಚ್‌ಗೆ 25. ಸುಮಾರು 10 ರನ್‌ಗೆ ಒಂದು ಗೆಲುವು. ಬ್ಯಾಟ್ ಅದೇ, ಸ್ಥಾನ ಬದಲಾದರೆ ಎರಡು ಗೆಲುವು ಹೋಯಿತು. ಫೀಲ್ಡಿಂಗ್ ಮತ್ತು ಓಟದ ರನ್ ಇದರ ಮೇಲೆ ಬೇರೆ.

ಪಿಚರ್‌ಗಳಿಗೆ ಫ್ಯಾನ್‌ಗ್ರಾಫ್ಸ್ ಮತ್ತು ಬೇಸ್‌ಬಾಲ್ ರೆಫರೆನ್ಸ್ ಎಂಬ ಎರಡು ಅಂಕಿಅಂಶ ತಾಣಗಳ ವಾರ್‌ನ ಸರಾಸರಿ ಹಿಡಿದಿದೆ. ಮೊದಲನೆಯದು ಮುಖ್ಯವಾಗಿ ಸ್ಟ್ರೈಕ್‌ಔಟ್, ವಾಕ್, ಹೋಮ್‌ರನ್ ನೋಡುತ್ತದೆ. ಎರಡನೆಯದು ನಿಜವಾಗಿ ಕೊಟ್ಟ ರನ್‌ನಿಂದ ಶುರು ಮಾಡುತ್ತದೆ. ಕ್ಯಾಚರ್‌ಗಳಲ್ಲಿ ಸರಾಸರಿ ಮಾಡುವ ಹಾಗಿಲ್ಲ. ಪಿಚ್ ಫ್ರೇಮಿಂಗ್ (ಅಂಚಿನ ಚೆಂಡನ್ನು ಅಂಪೈರ್ ಸ್ಟ್ರೈಕ್ ಎನ್ನುವಂತೆ ಹಿಡಿಯುವ ಕಲೆ) ಫ್ಯಾನ್‌ಗ್ರಾಫ್ಸ್‌ನಲ್ಲಿ ಸೇರಿದೆ, ಇನ್ನೊಂದರಲ್ಲಿ ಇಲ್ಲ. ಸರಾಸರಿ ತೆಗೆದರೆ ಅರ್ಧ ಫ್ರೇಮಿಂಗ್ ಎಂಬ ಅರ್ಥವಿಲ್ಲದ ಸಂಖ್ಯೆ ಬರುತ್ತದೆ. 2026ರಿಂದ ಅಂಪೈರ್ ತೀರ್ಪಿನ ವಿರುದ್ಧ ಯಂತ್ರದ ಸ್ಟ್ರೈಕ್‌ಝೋನ್‌ಗೆ ಮೇಲ್ಮನವಿ ಹಾಕುವ ವ್ಯವಸ್ಥೆ, ಪ್ರತಿ ತಂಡಕ್ಕೆ ಎರಡು ಚಾಲೆಂಜ್‌ನೊಂದಿಗೆ, ಒಪ್ಪಿಗೆಯಾಗಿದೆ. ಅದರಿಂದ ಫ್ರೇಮಿಂಗ್ ಲಾಭ ಇಳಿಯಬಹುದೆಂದು ಫ್ರೇಮಿಂಗ್ ರನ್‌ಗೆ ಒಂದು ಕಡಿತದ ಸೆಲ್ ಇಟ್ಟಿದೆ. ಎಷ್ಟು ಕಡಿತ ಎಂಬುದು ನಮ್ಮ ನಮ್ಮಲ್ಲೇ ಇನ್ನೂ ಬಗೆಹರಿದಿಲ್ಲ.

ಒಪ್ಪಂದ ಟ್ಯಾಬ್

ವಯಸ್ಸಿನ ಇಳಿಕೆಗೆ ಸರಳ ನಿಯಮ: 30ರ ತನಕ ಸಮ, 31ರಿಂದ ವರ್ಷಕ್ಕೆ ಅರ್ಧ ವಾರ್ ಕಡಿಮೆ. ಅಡಾಮೆಸ್ ಒಪ್ಪಂದ 29ರಿಂದ 35ರ ವಯಸ್ಸಿಗೆ. ಶುರುವನ್ನು 4 ಎಂದು ಹಿಡಿದರೆ ಏಳು ವರ್ಷಕ್ಕೆ 20.5 ವಾರ್, ಒಂದು ಗೆಲುವಿಗೆ 8.9 ಮಿಲಿಯನ್. ಶುರುವನ್ನು 3.5ಕ್ಕೆ ಇಳಿಸಿ ನೋಡಿ: 17 ವಾರ್, ಗೆಲುವಿಗೆ 10.7. ಅರ್ಧ ವಾರ್ ಯಾವ ಅಂದಾಜಿನಲ್ಲೂ ಇರುವ ತಪ್ಪಿನ ಅಳತೆಯೊಳಗೇ ಬರುತ್ತದೆ. ಆದ್ದರಿಂದ ‘ಜೈಂಟ್ಸ್ 20 ಮಿಲಿಯನ್ ಹೆಚ್ಚು ಕೊಟ್ಟರು’ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಸೋಟೊಗೆ 26ರಿಂದ 40ರ ತನಕ. ಶುರು 6 ಎಂದರೆ ಒಟ್ಟು 62.5 ವಾರ್. ಒಂದು ಗೆಲುವಿನ ಮಾರುಕಟ್ಟೆ ದರ 9 ಮಿಲಿಯನ್ ಎಂದು ಹಿಡಿದರೆ 562.5 ಮಿಲಿಯನ್, 765ರ ಎದುರು. ಇಷ್ಟಕ್ಕೇ ನಿಲ್ಲಿಸಿ ‘200 ಮಿಲಿಯನ್ ಮಣ್ಣುಪಾಲು’ ಎನ್ನುವವರು ಬಹಳ. ಆದರೆ ಗೆಲುವಿನ ದರ 15 ವರ್ಷ ಒಂದೇ ಇರುವುದಿಲ್ಲ. ವರ್ಷಕ್ಕೆ ಶೇ 4 ಏರುತ್ತದೆ ಎಂದರೆ ಮೌಲ್ಯ 699ಕ್ಕೆ ಮುಟ್ಟುತ್ತದೆ. ಮುಂದೆ ಕೊಡುವ ಹಣವನ್ನೂ ಇಂದಿನ ಬೆಲೆಗೆ ಇಳಿಸಬೇಕು. ಅದನ್ನೂ ಶೇ 4ರಲ್ಲೇ ಇಳಿಸಿದರೆ ಮೌಲ್ಯದ ಕಡೆ ಏರಿಕೆ, ಇಳಿಕೆ ವಜಾ ಆಗಿ 562.5 ಉಳಿಯುತ್ತದೆ, ಕೊಡುವ ಕಡೆ, 75 ಮಿಲಿಯನ್ ಸೈನಿಂಗ್ ಬೋನಸ್ ಮೊದಲೇ ಕೊಟ್ಟು ಉಳಿದ 690 ಅನ್ನು ಸಮವಾಗಿ ಹಂಚಿದರೆ ಸುಮಾರು 607. ಅಂತರ 44 ಮಿಲಿಯನ್, 15 ವರ್ಷಕ್ಕೆ. ಐದು ವರ್ಷದ ಬಳಿಕ ಸೋಟೊ ಹೊರಡಬಹುದು. ಮೆಟ್ಸ್ ಕೊನೆಯ ಹತ್ತು ವರ್ಷಕ್ಕೆ ವರ್ಷಕ್ಕೆ 4 ಮಿಲಿಯನ್ ಸೇರಿಸಿ ಆ ಹಕ್ಕನ್ನು ಅಳಿಸಬಹುದು, ಆಗ ಒಟ್ಟು 805.

ಮುಂದೂಡಿದ ಪಾವತಿ ಪರೀಕ್ಷಿಸಲು ಶೋಹೆ ಓಟಾನಿ ಒಪ್ಪಂದಕ್ಕಿಂತ ಒಳ್ಳೆಯದು ಸಿಗದು. ವರ್ಷಕ್ಕೆ 70 ಮಿಲಿಯನ್, ಕೈಗೆ ಬರುವುದು 2, ಉಳಿದ 68 ಹತ್ತು ವರ್ಷದ ನಂತರ ಬಡ್ಡಿಯಿಲ್ಲದೆ. ಲೀಗ್ ಬಳಸಿದ ದರ ಶೇ 4.43. 68 ಅನ್ನು 1.0443ರ ಹತ್ತನೇ ಘಾತದಿಂದ ಭಾಗಿಸಿ 2 ಕೂಡಿದರೆ 46.08. ಲಕ್ಷುರಿ ಟ್ಯಾಕ್ಸ್ (ಸಂಬಳದ ಗೆರೆ ದಾಟಿದ ತಂಡಕ್ಕೆ ಬೀಳುವ ದಂಡ) ಲೆಕ್ಕಕ್ಕೆ ಲೀಗ್ ಹಿಡಿದಿದ್ದೂ ಸುಮಾರು 46 ಮಿಲಿಯನ್ನೇ. ನಿಮ್ಮ ಶೀಟ್‌ನಲ್ಲಿ ಈ ಸಂಖ್ಯೆ ಬರದಿದ್ದರೆ ಬೇರೆ ಯಾವ ಮುಂದೂಡಿದ ಒಪ್ಪಂದವನ್ನೂ ಅದರಲ್ಲಿ ಹಾಕಬೇಡಿ.

ಹೊರಬರುವ ಹಕ್ಕಿಗೆ ಮೂರು ಸಾಧ್ಯತೆ ಇಟ್ಟಿದೆ: ಚೆನ್ನಾಗಿ ಆಡಿದರೆ ಶೇ 30, ಅಂದುಕೊಂಡಂತೆ ಶೇ 40, ಕೆಟ್ಟರೆ ಶೇ 30. ಬರ್ನ್ಸ್‌ಗೆ ಸರಾಸರಿ ಲೆಕ್ಕದಲ್ಲಿ ಕೊನೆಯ ನಾಲ್ಕು ವರ್ಷಕ್ಕೆ 140 ಮಿಲಿಯನ್. ಆ ನಾಲ್ಕು ವರ್ಷದ ಮೌಲ್ಯ ಕ್ರಮವಾಗಿ 180, 140, 60 ಎನ್ನಿ. ಹಕ್ಕು ಇಲ್ಲದಿದ್ದರೆ ತಂಡದ ನಿರೀಕ್ಷೆ 12 ಮಿಲಿಯನ್ ನಷ್ಟ. ಹಕ್ಕು ಇದ್ದರೆ 180ರ ಸಾಧ್ಯತೆಯಲ್ಲಿ ಆತ ಎದ್ದು ಹೋಗುತ್ತಾನೆ, ತಂಡಕ್ಕೆ ಬರುವ 40ರ ಲಾಭ ಸೊನ್ನೆಯಾಗುತ್ತದೆ, ನಷ್ಟ 24 ಆಗುತ್ತದೆ. ಆ 12 ಮಿಲಿಯನ್ನೇ ಹಕ್ಕಿನ ಬೆಲೆ. 2025ರ ಜೂನ್‌ನಲ್ಲಿ ಬರ್ನ್ಸ್‌ಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ (ಮೊಣಕೈ ಅಸ್ಥಿರಜ್ಜು ಸರಿಪಡಿಸುವುದು) ಆಯಿತು. 2024–25ರ ಅದೇ ಚಳಿಗಾಲ ಬೋಸ್ಟನ್ ಜೊತೆ 3 ವರ್ಷ, 120 ಮಿಲಿಯನ್‌ಗೆ ಸಹಿ ಹಾಕಿದ್ದ ಅಲೆಕ್ಸ್ ಬ್ರೆಗ್ಮನ್ ಒಂದೇ ವರ್ಷಕ್ಕೆ ಎದ್ದು ಹೋದರು. ಒಳ್ಳೆಯವರು ಹೊರಡುತ್ತಾರೆ, ಗಾಯಗೊಂಡವರು ಉಳಿಯುತ್ತಾರೆ. ಈ ಹಕ್ಕನ್ನು ‘ತಂಡಕ್ಕೂ ಅನುಕೂಲ’ ಎಂದು ಬಣ್ಣಿಸುವುದು ಮಾರ್ಕೆಟಿಂಗ್ ಅಷ್ಟೇ.

ತಂಡ ಟ್ಯಾಬ್

ಐಪಿಎಲ್‌ನ 2025ರ ಮೆಗಾ ಹರಾಜಿನಲ್ಲಿ ಪ್ರತಿ ಫ್ರಾಂಚೈಸಿಗೂ 120 ಕೋಟಿ ರೂಪಾಯಿಯ ಪರ್ಸ್, ಮುಗಿದರೆ ಮುಗಿಯಿತು. ಎಂಎಲ್‌ಬಿಯಲ್ಲಿ ಅಂಥ ಮಿತಿ ಇಲ್ಲ, ಗೆರೆ ದಾಟಿದ ಮೇಲೆ ದಂಡ. 2025ಕ್ಕೆ ಲಕ್ಷುರಿ ಟ್ಯಾಕ್ಸ್ ಗೆರೆ 241 ಮಿಲಿಯನ್, 2026ಕ್ಕೆ 244. ಮೊದಲ ಸಲ ದಾಟಿದರೆ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50. ಗೆರೆಯಿಂದ 20, 40, 60 ಮಿಲಿಯನ್ ಮೇಲೆ ಹೋದಂತೆ ಹೆಚ್ಚುವರಿ ದಂಡ. ಮೂರನೇ ಸಲ ದಾಟುತ್ತಿರುವ ತಂಡಕ್ಕೆ 60ರ ಮೇಲಿನ ಪ್ರತಿ ಡಾಲರ್‌ಗೆ ಶೇ 110.

ಅಡಾಮೆಸ್ ಲೆಕ್ಕವನ್ನು ಈಗ ಮತ್ತೆ ಹಾಕಿ. ವರ್ಷಕ್ಕೆ ಸರಾಸರಿ 26 ಮಿಲಿಯನ್. ಗೆರೆಯ ಕೆಳಗಿರುವ ತಂಡಕ್ಕೆ ಅದು 26. ಗೆರೆಯಿಂದ 60 ಮಿಲಿಯನ್‌ಗೂ ಮೇಲಿರುವ ಮೂರನೇ ಸಲದ ತಂಡಕ್ಕೆ ದಂಡ ಸೇರಿ 54.6. 4 ವಾರ್ ಬರುವ ವರ್ಷದಲ್ಲಿ ಒಂದು ತಂಡಕ್ಕೆ ಗೆಲುವಿಗೆ 6.5, ಇನ್ನೊಂದಕ್ಕೆ 13.65 ಮಿಲಿಯನ್. ಬೆಲೆಯ ಕಾಲಂ ತೆಗೆದುಹಾಕಿದ್ದು ಇದಕ್ಕೇ. ಈಗ ಪ್ರತಿ ಆಟಗಾರನ ಸಾಲಿಗೂ ಎದುರು 30 ತಂಡದ 30 ಕಾಲಂ.

ಟ್ಯಾಕ್ಸ್‌ಗೆ ಆ ವರ್ಷದ ಸಂಬಳವಲ್ಲ, ಒಪ್ಪಂದದ ವಾರ್ಷಿಕ ಸರಾಸರಿ ಹಾಕಬೇಕು. 26 ಜನರ ಪಟ್ಟಿಯಲ್ಲ, 40 ಜನರ ಪಟ್ಟಿ. ಜೊತೆಗೆ ಆರ್ಬಿಟ್ರೇಷನ್ (ಮಧ್ಯಸ್ಥರ ಮೂಲಕ ಸಂಬಳ ತೀರ್ಮಾನಿಸಿಕೊಳ್ಳುವ ಹಕ್ಕು) ಮುಟ್ಟದ ಯುವ ಆಟಗಾರರ 50 ಮಿಲಿಯನ್ ಬೋನಸ್ ನಿಧಿಯಲ್ಲಿ ತಂಡದ ಪಾಲು 1.67 ಮಿಲಿಯನ್. ಕ್ವಾಲಿಫೈಯಿಂಗ್ ಆಫರ್ (ಹಳೆಯ ತಂಡ ನಿಗದಿತ ಮೊತ್ತಕ್ಕೆ ಕೊಡುವ ಒಂದು ವರ್ಷದ ಆಹ್ವಾನ) ತಿರಸ್ಕರಿಸಿ ಬಂದವನಾದರೆ ಡ್ರಾಫ್ಟ್ ನಷ್ಟವೂ ತಂಡಕ್ಕೊಂದು ತೆರ: ಟ್ಯಾಕ್ಸ್ ಕಟ್ಟಿದ ತಂಡ ಎರಡನೇ ಮತ್ತು ಐದನೇ ಅತಿ ಮೇಲಿನ ಆಯ್ಕೆ ಕಳೆದುಕೊಂಡರೆ, ಆದಾಯ ಹಂಚಿಕೆ ಪಡೆಯುವ ತಂಡ ಮೂರನೆಯದನ್ನು ಮಾತ್ರ.

ಇನ್ನೊಂದು ಬದಿ ಗೆಲುವಿನ ಬೆಲೆ. 70ರಿಂದ 71ಕ್ಕೆ ಹೋಗುವ ಗೆಲುವೂ 83ರಿಂದ 84ಕ್ಕೆ ಹೋಗುವ ಗೆಲುವೂ ಒಂದೇ ಅಲ್ಲ. 2025ರಲ್ಲಿ ಮೆಟ್ಸ್ ಮತ್ತು ರೆಡ್ಸ್ ಇಬ್ಬರೂ 83 ಗೆದ್ದರು; ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ರೆಡ್ಸ್ ಪ್ಲೇಆಫ್ ಒಳಗೆ, ಸೋಟೊ 43 ಹೋಮ್‌ರನ್ ಹೊಡೆದ ಮೆಟ್ಸ್ ಹೊರಗೆ. ಅಮೆರಿಕನ್ ಲೀಗ್‌ನಲ್ಲಿ ಟೈಗರ್ಸ್, ಆಸ್ಟ್ರೋಸ್ ಎರಡೂ 87; ಅಲ್ಲೂ ಹಾಗೆಯೇ, ಆಸ್ಟ್ರೋಸ್ ಹೊರಗೆ. ಶೀಟ್‌ನಲ್ಲಿ 82ರಿಂದ 92ರ ನಡುವಿನ ಗೆಲುವಿಗೆ ಒಂದೂವರೆ ಪಟ್ಟು ತೂಕ ಇಟ್ಟಿದೆ. ಇದು ಕೈಯಳತೆ, ಇದಕ್ಕಿಂತ ಒಳ್ಳೆಯ ವಕ್ರರೇಖೆ ಬರುವ ತನಕ ಇರಲಿ.

ಟ್ರೇಡ್ ಟ್ಯಾಬ್: ಇನ್ನೂ ಒಮ್ಮತವಿಲ್ಲ

2024ರ ಡಿಸೆಂಬರ್‌ನಲ್ಲಿ ಆಸ್ಟ್ರೋಸ್ ಟಕ್ಕರ್‌ನನ್ನು ಕಬ್ಸ್‌ಗೆ ಕೊಟ್ಟು ಐಸಾಕ್ ಪರೇಡೆಸ್, ಹೇಡನ್ ವೆಸ್ನೆಸ್ಕಿ, ಕ್ಯಾಮ್ ಸ್ಮಿತ್‌ನನ್ನು ಪಡೆಯಿತು. ಟಕ್ಕರ್‌ಗೆ ಒಂದೇ ವರ್ಷ ಬಾಕಿ, ಸಂಬಳ 16.5 ಮಿಲಿಯನ್. 5 ವಾರ್ ಎಂದರೆ 45 ಕಳೆ 16.5, ಮಿಗುವುದು 28.5. ಪರೇಡೆಸ್ 2027ರ ತನಕ ತಂಡದ ಕೈಯಲ್ಲಿ. ವರ್ಷಕ್ಕೆ 2.5 ವಾರ್, ಮೂರು ವರ್ಷದ ಸಂಬಳ 30 ಎಂದು ಇಟ್ಟರೆ ಮಿಗುವುದು 37.5. ಇನ್ನಿಬ್ಬರನ್ನು ಸೇರಿಸುವ ಮೊದಲೇ ಆಸ್ಟ್ರೋಸ್ ಕೈ ಮೇಲು. ಸ್ಮಿತ್ ಬೇರೆ 2024ರ ಡ್ರಾಫ್ಟ್‌ನ 14ನೇ ಆಯ್ಕೆ. ಇಷ್ಟಕ್ಕೇ ಕಬ್ಸ್ ಮೋಸಹೋಯಿತು ಎನ್ನುವ ಗುಂಪು ಒಂದಿದೆ.

ಆ ಗುಂಪು ಬಿಡುವುದು ಮೈದಾನವನ್ನು. ಪರೇಡೆಸ್ ಚೆಂಡನ್ನು ಜೋರಾಗಿ ಹೊಡೆಯುವವನಲ್ಲ. ಎಡಗಡೆ ಗೆರೆಯುದ್ದಕ್ಕೂ ಎತ್ತಿ ಹಾಕುವವನು. ಆಸ್ಟ್ರೋಸ್‌ನ ಹ್ಯೂಸ್ಟನ್ ಮೈದಾನದಲ್ಲಿ ಎಡ ಗೆರೆಯ ಬೇಲಿ 315 ಅಡಿ, ಕಬ್ಸ್‌ನ ರಿಗ್ಲಿ ಮೈದಾನದಲ್ಲಿ 355. ಕಬ್ಸ್ ಪರ 2024ರಲ್ಲಿ 52 ಪಂದ್ಯಕ್ಕೆ 3 ಹೋಮ್‌ರನ್. 2025ರಲ್ಲಿ ಆಸ್ಟ್ರೋಸ್ ಪರ 102 ಪಂದ್ಯಕ್ಕೆ 20. ಅದೇ ಆಟಗಾರ ಕಬ್ಸ್ ಕಾಲಂನಲ್ಲಿ 1.5 ವಾರ್, ಆಸ್ಟ್ರೋಸ್ ಕಾಲಂನಲ್ಲಿ 2.5 ಎಂದು ಬರೆದರೆ ಕಬ್ಸ್ ಬಿಟ್ಟುಕೊಟ್ಟಿದ್ದು 10.5 ಮಿಲಿಯನ್‌ನ ಮಿಗಿತ. 2025ರಲ್ಲಿ ಕಬ್ಸ್ 92 ಗೆದ್ದು ಪ್ಲೇಆಫ್ ಆಡಿತು. ಸಾಮಾನ್ಯ ಪಾರ್ಕ್ ಫ್ಯಾಕ್ಟರ್ (ಒಂದು ಮೈದಾನ ರನ್ ಎಷ್ಟು ಏರಿಳಿಸುತ್ತದೆ ಎಂಬ ಅಳತೆ) ಈ ಕೆಲಸಕ್ಕೆ ಸಾಲದು, ಅದು ಎಲ್ಲ ಬ್ಯಾಟರ್‌ಗಳ ಸರಾಸರಿ. ಎಡ, ನಡು, ಬಲ ಎಂದು ಫ್ಲೈಬಾಲ್‌ಗಳನ್ನು (ಎತ್ತರಕ್ಕೆ ಹೊಡೆದ ಚೆಂಡುಗಳನ್ನು) ಮೂರು ಪಾಲು ಮಾಡಿ ಪ್ರತಿ ಮೈದಾನದ ಬೇಲಿಯ ದೂರದೊಂದಿಗೆ ತೂಗಬೇಕು. 30 ಮೈದಾನದ ದೂರ ಹಾಕಿಯಾಗಿದೆ, ಬೇಲಿಯ ಎತ್ತರ ಬಾಕಿ. ಬೋಸ್ಟನ್‌ನ ಎಡಗಡೆ 37 ಅಡಿ ಗೋಡೆ ಇರುವಾಗ ಎತ್ತರ ಬಿಟ್ಟ ಲೆಕ್ಕ ಅಲ್ಲಿ ಪೂರ್ತಿ ಸುಳ್ಳು ಹೇಳುತ್ತದೆ.

ಮುಂದೆ: ರಿಲೀವರ್‌ಗಳಿಗೆ ಪ್ರತ್ಯೇಕ ದರ, ಆರ್ಬಿಟ್ರೇಷನ್ ಸಂಬಳದ ಅಂದಾಜು, ಸೂಪರ್ ಟೂ (ಮೂರು ವರ್ಷ ತುಂಬುವ ಮೊದಲೇ ಆರ್ಬಿಟ್ರೇಷನ್ ಹಕ್ಕು ಸಿಗುವವರು) ಗಡಿ. ಟ್ಯಾಕ್ಸ್ ದರ ಮತ್ತು ಗೆರೆಗಳನ್ನು ಸೂತ್ರದೊಳಗೆ ಹುದುಗಿಸದೆ ಬೇರೆ ಸೆಲ್‌ಗಳಿಗೆ ಸರಿಸುವ ಕೆಲಸ ನಡೆಯುತ್ತಿದೆ. ಈಗಿನ ಕಾರ್ಮಿಕ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ, ಆಮೇಲೆ ಆ ಸೆಲ್‌ಗಳಲ್ಲಿ ಏನು ಬರೆಯಬೇಕೆಂಬುದು ಮಾಲೀಕರು ಮತ್ತು ಆಟಗಾರರ ಸಂಘ ಕೂತು ತೀರ್ಮಾನಿಸಬೇಕಾದ ವಿಷಯ.