ಹಿಂದಿನ ಸೀಟಿನಲ್ಲಿ ಮೂರು ಕಿಲೋ ರಾಗಿ

ನಮ್ಮ 2013ರ ವ್ಯಾಗನ್ ಆರ್ ಇದುವರೆಗೆ ಮನುಷ್ಯರಿಗಿಂತ ಹೆಚ್ಚಾಗಿ ಹೊತ್ತದ್ದು ತೆಂಗಿನಕಾಯಿ, ಕೊಬ್ಬರಿ ಮತ್ತು ಹಸುವಿನ ಹಿಂಡಿಯನ್ನು. ಅರಸೀಕೆರೆ ಸೀಮೆಯಲ್ಲಿ ಇದೇನೂ ವಿಶೇಷವಲ್ಲ. ಆದರೆ ಏಪ್ರಿಲ್ ಕೊನೆಗೆ ಮಗಳಿಗೆ ದಿನ ತುಂಬುತ್ತದೆ. ಹೆರಿಗೆ ಹಾಸನದಲ್ಲಿ, ಬಾಣಂತನ ನಮ್ಮ ಮನೆಯಲ್ಲಿ. ಆಸ್ಪತ್ರೆಯಿಂದ ಮನೆಗೆ ಸುಮಾರು 40 ಕಿಲೋಮೀಟರ್. ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನ ಮೊಮ್ಮಗು ಕಿರುಗುಟ್ಟುವ ಬ್ರೇಕಿನ ಕಾರಿನಲ್ಲಿ ಮನೆಗೆ ಬಂದರೆ ನನ್ನ ಹಳೆಯ ಸ್ನೇಹಿತರು ಸುಮ್ಮನೆ ಬಿಡುವವರಲ್ಲ.

ಬ್ರೇಕು, ಟೈರುಗಳ ಕೆಲಸ ಬೇಗ ಮುಗಿಯಿತು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2317 ಎಂದಿದ್ದರೆ 2017ರ 23ನೆಯ ವಾರ. ನೆಲಕ್ಕೆ ತಾಗುವ ಹೂವು ಸವೆಯದಿದ್ದರೂ ರಬ್ಬರ್ ಮುದಿಯಾಗಿರುತ್ತದೆ. ಅಂಥ ಎರಡನ್ನು ಬದಲಾಯಿಸಿದೆ.

ಇಲಿಗಳ ವಿಚಾರ ಅಷ್ಟು ಸುಲಭವಾಗಿರಲಿಲ್ಲ. ಎ.ಸಿ. ಬ್ಲೋವರ್ ಬಿಚ್ಚಿದರೆ ಒಳಗೆ ತೆಂಗಿನ ನಾರು, ಹರಿದ ಕಾಗದ, ಒಂದು ಇಡೀ ಸಂಸಾರದ ಗೂಡು. ಕೊಬ್ಬರಿ ವಾಸನೆಗೆ ಬಂದವು ಅಲ್ಲೇ ನೆಲೆಸಿಬಿಟ್ಟಿದ್ದವು. ಅವುಗಳನ್ನು ಓಡಿಸಲೆಂದು ಡಿಕ್ಕಿಯಲ್ಲೂ ಸೀಟಿನಡಿಯಲ್ಲೂ ನುಸಿಗುಳಿಗೆ ಹಾಕಿದ್ದೆವು. ಈಗ ಒಂದೊಂದನ್ನೂ ಹುಡುಕಿ ತೆಗೆದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸುಗಳಲ್ಲಿ ಈ ಗುಳಿಗೆಗಳ ನ್ಯಾಫ್ತಲೀನ್ ಆವಿ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ, ಕಾಮಾಲೆ ವಿಪರೀತಕ್ಕೆ ಹೋಗುತ್ತದೆ. ಇನ್ನೂ ಹುಟ್ಟದ ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಯಾರಿಗೆ ಗೊತ್ತು? ನನ್ನ ಹೆಂಡತಿ ಟ್ರಂಕಿನಲ್ಲಿ ಜೋಪಾನ ಮಾಡಿಟ್ಟಿದ್ದ ಹಳೆಯ ಕುಲಾವಿ, ಕುಂಚಿಗೆಗಳ ನಡುವೆಯೂ ಅದೇ ಬಿಳಿ ಗುಳಿಗೆಗಳು! ಎಲ್ಲವನ್ನೂ ಒಗೆದು ಬಿಸಿಲಿಗೆ ಹರವಿದ್ದಾಯಿತು. ಕನ್ನಡಿಗೆ ತೂಗುಹಾಕಿದ್ದ ಸುಗಂಧದ ಡಬ್ಬಿಯೂ ಹೋಯಿತು.

ಇನ್ನು ಸೀಟು. ಅಳಿಯಂದಿರು ಬೆಂಗಳೂರಿನಿಂದ ಶಿಶುಗಳ ಸೀಟೊಂದನ್ನು ಕಳುಹಿಸಿದ್ದಾರೆ. ಕಿತ್ತಳೆ ಬಣ್ಣದ ಚೀಟಿಯ ಮೇಲೆ ಇಸಿಇ ಆರ್44/04 ಎಂಬ ಸುರಕ್ಷತಾ ಮಾನದಂಡದ ಗುರುತೂ 13 ಕಿಲೋ ತೂಕದವರೆಗೆ ಎಂದೂ ಇದೆ. ಹೊಸ ಕಾರುಗಳಲ್ಲಿ ಇಂಥದ್ದನ್ನು ಸಿಕ್ಕಿಸಲು ಐಸೋಫಿಕ್ಸ್ ಎಂಬ ಕಬ್ಬಿಣದ ಕೊಂಡಿಗಳಿರುತ್ತವೆ. ನಮ್ಮದರಲ್ಲಿ ಇಲ್ಲ, ಬೆಲ್ಟಿನಿಂದಲೇ ಬಿಗಿಯಬೇಕು. ಆದರೆ ಬೆಲ್ಟಿನ ಬಕಲ್ ಎಲ್ಲಿದೆ? ಕಾರು ತಂದ ವಾರದಲ್ಲೇ ಹಾಕಿಸಿದ್ದ ರೆಕ್ಸಿನ್ ಕವರಿನ ಅಡಿಯಲ್ಲಿ, ಇಷ್ಟು ವರ್ಷಗಳಿಂದ ಸೂರ್ಯನ ಮುಖ ಕಾಣದೆ ಕುಳಿತಿತ್ತು. ನಮ್ಮ ಊರಿನ ಎಷ್ಟು ಕಾರುಗಳಲ್ಲಿ ಹಿಂದಿನ ಬಕಲ್‌ಗಳು ಹೀಗೆ ಸಮಾಧಿಯಾಗಿವೆಯೋ!

ಕವರನ್ನು ಕಿತ್ತೆಸೆದೆ. ಅದರೊಳಗಿನ ಸ್ಪಂಜಿನಿಂದಾಗಿ ಸೀಟು ಜಾರುತ್ತಿತ್ತು, ಬೆಲ್ಟಿನ ನಾಲ್ಕು ಬೆರಳುದ್ದವೂ ಅದಕ್ಕೇ ಖರ್ಚಾಗುತ್ತಿತ್ತು. ಈಗ ಬೆಲ್ಟು ಸುತ್ತಿಬಂದು ಕಟ್ಟಕಡೆಗೆ ಬಕಲ್ ಮುಟ್ಟುತ್ತದೆ. ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಕದಲಬಾರದು. ಓರೆ ಸರಿಯಿದೆಯೇ ಎಂದು ನೋಡಲು ಸೀಟಿನ ಪಕ್ಕದಲ್ಲಿ ಒಂದು ಗೆರೆ ಬರೆದಿದ್ದಾರೆ, ಅದು ನೆಲಕ್ಕೆ ಸಮನಾಗಿರಬೇಕು. ನನಗೆ ಕಣ್ಣಳತೆಯಲ್ಲಿ ನಂಬಿಕೆಯಿಲ್ಲ. ಪಕ್ಕದ ಮನೆಗೆ ಗಾರೆ ಕೆಲಸಕ್ಕೆ ಬಂದಿದ್ದವರಿಂದ ರಸಮಟ್ಟ ಇಸಿದುಕೊಂಡು ಬಂದೆ. ತೀರಾ ನೆಟ್ಟಗಾದರೆ ಮಗುವಿನ ಗಲ್ಲ ಎದೆಗೆ ಒತ್ತಿಕೊಂಡು ಉಸಿರಿನ ದಾರಿ ಕಿರಿದಾಗುತ್ತದೆ. ಇದೇ ಕಾರಣಕ್ಕೆ ಮನೆ ಮುಟ್ಟಿದ ಕೂಡಲೇ ಮಗುವನ್ನು ಅದರಿಂದ ಎತ್ತಿಬಿಡಬೇಕು. ನಿದ್ದೆ ಮಾಡುತ್ತಿದೆ ಎಂದು ಅಲ್ಲೇ ಬಿಡುವಂತಿಲ್ಲ.

ಮುಖ ಹಿಂದಕ್ಕಿರಬೇಕು ಎಂದಾಗ ಹೆಂಡತಿ, "ಅಯ್ಯೋ, ಪಾಪುವಿಗೆ ದಾರಿಯೂ ಕಾಣಬಾರದೇನ್ರೀ?" ಎಂದಳು. ಹಸುಗೂಸಿನ ದೇಹದ ಉದ್ದದಲ್ಲಿ ಕಾಲು ಭಾಗ ತಲೆಯೇ, ಕತ್ತಿಗೆ ಬಲವಿಲ್ಲ, ಎದುರಿನಿಂದ ಪೆಟ್ಟು ಬಿದ್ದರೆ ಸೀಟಿನ ಬೆನ್ನೇ ತಲೆಯನ್ನೂ ಬೆನ್ನನ್ನೂ ಒಟ್ಟಿಗೆ ತಡೆಯುತ್ತದೆ ಎಂದು ವಿವರಿಸಿದೆ. ಅವಳ ನಿಜವಾದ ತಕರಾರು ಬೇರೆಯೇ ಇತ್ತು. "ಅಜ್ಜಿಯ ಮಡಿಲಿಗಿಂತ ಈ ಪ್ಲಾಸ್ಟಿಕ್ ಬುಟ್ಟಿ ಹೆಚ್ಚೋ? ನಮ್ಮ ಮಕ್ಕಳು ನಿಮ್ಮದೇ ಕೆಂಪು ಬಸ್ಸಿನಲ್ಲಿ ನನ್ನ ಮಡಿಲಲ್ಲೇ ಬರಲಿಲ್ಲವೇ?"

ಬಸ್ಸಿನ ತೂಕವೇ ಬೇರೆ, ಆಗಿನ ರಸ್ತೆಯ ವೇಗವೇ ಬೇರೆ ಎಂದೆ. 50 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ ಮೂರು ಕಿಲೋ ಮಗು 40 ಕಿಲೋ ಮೀರಿದ ಭಾರದಂತೆ ಕೈಯಿಂದ ಕಿತ್ತುಕೊಳ್ಳುತ್ತದೆ ಎಂದು ಲೆಕ್ಕವನ್ನೂ ಬರೆದು ತೋರಿಸಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಕೂರಿಸದಿದ್ದರೆ 1000 ರೂಪಾಯಿ ದಂಡ ಎಂದೂ ಹೇಳಿದೆ. ಲೆಕ್ಕಕ್ಕೂ ಬಗ್ಗಲಿಲ್ಲ, ಕಾಯ್ದೆಗೂ ಬಗ್ಗಲಿಲ್ಲ.

ಕೊನೆಗೆ ಮೂರು ಕಿಲೋ ರಾಗಿಯನ್ನು ಬಟ್ಟೆಯ ಚೀಲಕ್ಕೆ ತುಂಬಿ ಅವಳ ಮಡಿಲಿಗೆ ಕೊಟ್ಟು, ಅವಳಿಗೆ ಬೆಲ್ಟು ಹಾಕಿಸಿ, ಹಾರನಹಳ್ಳಿ ಕಡೆಗೆ ಹೊರಟೆ. ಖಾಲಿ ರಸ್ತೆ ನೋಡಿ, ಮೊದಲೇ ಹೇಳಿ, ನಿಧಾನ ವೇಗದಲ್ಲೇ ಬ್ರೇಕ್ ಒತ್ತಿದೆ. ಚೀಲ ಅವಳ ಕೈಯಲ್ಲೇ ಇತ್ತು. "ನೋಡಿದಿರಾ?" ಎಂದು ಬೀಗಿದಳು. ವಾಪಸು ಬರುವಾಗ ಸೀಮಂತಕ್ಕೆ ಬಂದವರು ಏನೇನು ಉಡುಗೊರೆ ತಂದಿದ್ದರು ಎಂಬ ಮಾತು ರಂಗೇರಿದ ಹೊತ್ತಿನಲ್ಲಿ, ಏನೂ ಹೇಳದೆ ಇನ್ನೊಮ್ಮೆ ಒತ್ತಿದೆ. ಚೀಲ ಮುಂದಿನ ಸೀಟಿನ ಬೆನ್ನಿಗೆ ಬಡಿದು ಕೆಳಗೆ ಬಿದ್ದು, ಹೊಲಿಗೆ ಬಿಟ್ಟು, ತೊಳೆದಿಟ್ಟಿದ್ದ ಕಾರಿನ ತುಂಬಾ ರಾಗಿ.

ಮನೆಗೆ ಬರುವವರೆಗೆ ಅವಳು ಮಾತನಾಡಲಿಲ್ಲ. ರಾಗಿ ಬಳಿಯುವ ಕೆಲಸ ನನ್ನ ಪಾಲಿಗೇ ಬಂತು. ಸಂಜೆ ಕಾಫಿ ತಂದುಕೊಟ್ಟು ತನ್ನ ಷರತ್ತುಗಳನ್ನು ಹೇಳಿದಳು: ಸೀಟಿನ ಪಕ್ಕ ತಾನೇ ಕೂರಬೇಕು, ಮಗುವನ್ನು ಕುಂಚಿಗೆಯಿಲ್ಲದೆ ಆಚೆಗೆ ತರುವಂತಿಲ್ಲ, ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಬೇಕು. ಮೊದಲನೆಯದನ್ನು ಒಪ್ಪಿದೆ. ಎರಡನೆಯದಕ್ಕೆ ತಿದ್ದುಪಡಿ: ಬೆಲ್ಟಿನ ಒಂದು ಪಟ್ಟಿ ಎರಡು ಕಾಲುಗಳ ನಡುವಿನಿಂದ ಬರಬೇಕಾದ್ದರಿಂದ ಬಿಗಿಯಾಗಿ ಸುತ್ತಿದ ಬಟ್ಟೆ ನಡೆಯದು; ತೆಳು ಅಂಗಿಯಲ್ಲಿ ಬೆಲ್ಟು ಹಾಕಿ, ಕುಂಚಿಗೆಯನ್ನು ಎದೆಯವರೆಗೆ ಮೇಲೆ ಹೊದಿಸಬಹುದು. ನಿಂಬೆಹಣ್ಣು ಬಂಪರಿಗೆ, ಹೊರಗೆ. ಒಳಗೆ ಸಡಿಲವಾಗಿ ತೂಗುವ, ಹಾರುವ ಯಾವ ವಸ್ತುವೂ ಬೇಡ. ಜಾಕನ್ನೇ ಡಿಕ್ಕಿಯಲ್ಲಿ ಹಗ್ಗ ಹಾಕಿ ಕಟ್ಟಿದ್ದೇನೆ.

ಬಿಸಿಲಿನ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ರಸ್ತೆಯ ಅಂಚಿನ ಕಡೆಯಿಂದಲೇ ಮಗುವನ್ನು ಇಳಿಸಲು ಅನುಕೂಲವೆಂದು ಸೀಟನ್ನು ಎಡಗಡೆ ಕಟ್ಟಿದ್ದೇನೆ. ಹಾಸನದಿಂದ ಉತ್ತರಕ್ಕೆ ಬರುವಾಗ ಮಧ್ಯಾಹ್ನದ ಬಿಸಿಲು ಬೀಳುವುದೂ ಎಡಕ್ಕೇ. ಆಸ್ಪತ್ರೆಯವರು ಬೆಳಿಗ್ಗೆ ಹೋಗಿ ಎಂದರೂ ಬಿಲ್ಲು ಕೈಗೆ ಬರುವುದು ಮಧ್ಯಾಹ್ನ. ಕಪ್ಪು ಫಿಲ್ಮ್ ಹಾಕಿಸೋಣ ಎಂದರು ಅಳಿಯಂದಿರು. 2012ರಲ್ಲಿ ಸುಪ್ರೀಂ ಕೋರ್ಟೇ ಬೇಡವೆಂದದ್ದನ್ನು ನಾನು ಹಾಕಿಸುವವನಲ್ಲ. ಸದ್ಯಕ್ಕೆ ಗಾಜಿಗೆ ಅಂಟುವ ಬಲೆಯ ಪರದೆ ತಂದಿದ್ದೇನೆ. ಹೊರಡುವ ಮುಂಚೆ ಎ.ಸಿ. ಹಾಕಿ ಕಾರನ್ನು ತಣಿಸಿ, ಬಕಲ್ ಸುಡುತ್ತಿದೆಯೇ ಎಂದು ಮುಂಗೈ ಇಟ್ಟು ನೋಡುವ ಕೆಲಸ ನನ್ನದು.

ಶನಿವಾರ ಅಳಿಯಂದಿರು ಬರುತ್ತಾರೆ. ಇನ್ನೊಂದು ಚೀಲ ರಾಗಿ ಹೊಲಿದಿಟ್ಟಿದ್ದೇನೆ. ಭುಜದ ಬಳಿ ಬೆಲ್ಟಿನ ಪಟ್ಟಿಯನ್ನು ಬೆರಳಿನಿಂದ ಚಿವುಟಲು ಬಾರದಷ್ಟು ಬಿಗಿಯಾಗಿ ಕಟ್ಟುವುದನ್ನು ಅವರೂ ಕಲಿಯಬೇಕು. ಆಸ್ಪತ್ರೆಯ ಬಾಗಿಲಿನಲ್ಲಿ, ಹಿಂದೆ ಆಟೋಗಳು ಹಾರನ್ ಹೊಡೆಯುತ್ತಿರುವಾಗ, ಕೈಪಿಡಿ ಓದುತ್ತಾ ನಿಲ್ಲಲು ಯಾರೂ ಬಿಡುವುದಿಲ್ಲ.